ರಕ್ತ ಬೆರೆತ ಪ್ಲೂರಲ್ ಫ್ಲೂಯಿಡ್: ಪ್ಯಾಪ್ ಸ್ಲೈಡ್‌ನಲ್ಲಿ ನ್ಯೂಕ್ಲಿಯಸ್ ಮಸುಕಾಗಿ ಕಾಣುತ್ತಿದೆ

ಪ್ರಶ್ನೆ
ನಮಸ್ಕಾರ. ಸೈಟಾಲಜಿ (ಸೆಲ್‌ಗಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ರೋಗ ಗುರುತಿಸುವ) ಕೆಲಸ ಕಲಿಯಲು ಶುರು ಮಾಡಿ ಮೂರು ತಿಂಗಳಾಯಿತು. ಪ್ಲೂರಲ್ ಫ್ಲೂಯಿಡ್‌ನಲ್ಲಿ (ಶ್ವಾಸಕೋಶದ ಸುತ್ತ ತುಂಬುವ ದ್ರವ) ರಕ್ತ ಇದ್ದರೆ ನನ್ನ ಸ್ಲೈಡ್ ತುಂಬ ಬರೀ ಕೆಂಪು ರಕ್ತಕಣಗಳೇ. ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಸೆಲ್ ಸಿಗುತ್ತದೆ, ಆದರೆ ಪ್ಯಾಪ್ ಸ್ಟೇನ್ (ಬಣ್ಣ) ಹಾಕಿದಾಗ ಅದರ ನ್ಯೂಕ್ಲಿಯಸ್ ಊದಿಕೊಂಡು ಮಂಜು ಕವಿದ ಹಾಗಿರುತ್ತದೆ. ಜೀಮ್ಸಾ ಎಂಬ ಇನ್ನೊಂದು ಸ್ಟೇನ್‌ನ ಸ್ಲೈಡ್ ಮಾತ್ರ ಚೆನ್ನಾಗಿದೆ. ಸ್ಟೇನ್ ಬದಲಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ.

ಉತ್ತರ
ಸೈಟೋಪ್ಲಾಸಂ ಸ್ವಲ್ಪ ಜಾಸ್ತಿ ಕೆಂಪಗೆ ಕಾಣುತ್ತಿದೆಯಾ? ಸೆಂಟ್ರಿಫ್ಯೂಜ್ ಆದ ಮೇಲೆ ಟ್ಯೂಬಿನ ಯಾವ ಭಾಗದಿಂದ ತೆಗೆಯುತ್ತೀರಿ?

ಪ್ರಶ್ನೆ ಕೇಳಿದವರು
ಹೌದು ಸರ್, ಕೆಂಪಗಿದೆ. ಮೇಲಿನ ನೀರು ಚೆಲ್ಲಿ ತಳದಿಂದ ತೆಗೆಯುತ್ತೇನೆ.

ಉತ್ತರ
ಹಾಗಾದರೆ ಸ್ಟೇನ್‌ನ ತಪ್ಪಲ್ಲ. ಎರಡು ತೊಂದರೆ ಒಟ್ಟಿಗೆ ಸೇರಿವೆ.

ತಳದಲ್ಲಿ ಇರುವುದು ಕೆಂಪುಕಣ. ನಮಗೆ ಬೇಕಾದ ಸೆಲ್‌ಗಳು ಅದರ ಮೇಲೆ ತೆಳ್ಳನೆ ಬಿಳಿ ಕೆನೆಯಂತೆ ಕೂತಿರುತ್ತವೆ. ಟ್ಯೂಬನ್ನು ಬೆಳಕಿಗೆ ಹಿಡಿದರೆ ಕಾಣುತ್ತದೆ. ಮೇಲಿನ ನೀರನ್ನು ಚೆಲ್ಲಬೇಡಿ, ಕೆನೆ ಕದಡುತ್ತದೆ. ಪಿಪೆಟ್‌ನಿಂದ ನಿಧಾನವಾಗಿ ಎಳೆದು, ಆ ಕೆನೆಯಿಂದಲೇ ಒಂದು ಹನಿ ತೆಗೆದುಕೊಳ್ಳಿ.

ಎರಡನೆಯದು ಒಣಗುವುದು. ಪ್ಯಾಪ್‌ಗೆ ಸ್ಮಿಯರ್ (ಸ್ಲೈಡ್ ಮೇಲೆ ತೆಳ್ಳಗೆ ಹರಡಿದ ಹನಿ) ಹಸಿ ಇರುವಾಗಲೇ 95% ಆಲ್ಕೋಹಾಲ್‌ಗೆ ಇಳಿಯಬೇಕು. ಗಾಳಿಗೆ ಒಣಗಿದರೆ ಸೆಲ್ ಚಪ್ಪಟೆಯಾಗಿ ಹರಡುತ್ತದೆ, ನ್ಯೂಕ್ಲಿಯಸ್ ದೊಡ್ಡದಾಗಿ ಕಾಣುತ್ತದೆ, ಅದರೊಳಗಿನ ಕ್ರೋಮಾಟಿನ್ (ಡಿಎನ್‌ಎ ಇರುವ ವಸ್ತು) ಕಲಸಿಹೋಗುತ್ತದೆ. ಜೀಮ್ಸಾಗೆ ಒಣಗಿದ ಸ್ಲೈಡೇ ಬೇಕು, ಅದಕ್ಕೇ ಅದು ಚೆನ್ನಾಗಿ ಬರುತ್ತಿದೆ. ಆಲ್ಕೋಹಾಲ್ ಜಾರ್ ಕೈಗೆ ಸಿಗುವಂತೆ ಪಕ್ಕದಲ್ಲೇ ಇರಲಿ. ಇದನ್ನು ಒತ್ತಿ ಹೇಳುತ್ತೇನೆ: ಸುಮ್ನೆ ಊದಿದ ನ್ಯೂಕ್ಲಿಯಸ್ ನೋಡಿ ಕ್ಯಾನ್ಸರ್ ಅಂದುಕೊಂಡರೆ ರೋಗಿಯ ಗತಿ ಏನು?

ಪ್ರಶ್ನೆ ಕೇಳಿದವರು
ಸರ್, ಇವತ್ತು ಹಾಗೇ ಮಾಡಿದೆ. ನ್ಯೂಕ್ಲಿಯಸ್‌ನ ಅಂಚು ಗೆರೆ ಎಳೆದ ಹಾಗೆ ಕಾಣುತ್ತಿದೆ! ಈಗ ಇನ್ನೊಂದು ಗೊಂದಲ. ದೊಡ್ಡ ಸೆಲ್‌ಗಳ ಗುಂಪುಗಳಿವೆ. ಮೀಸೋಥೀಲಿಯಲ್ ಸೆಲ್‌ಗಳಾ (ಶ್ವಾಸಕೋಶದ ಸುತ್ತಲಿನ ಪೊರೆಯವು), ಅಡಿನೋಕಾರ್ಸಿನೋಮಾನಾ (ಗ್ರಂಥಿ ಸೆಲ್‌ಗಳ ಕ್ಯಾನ್ಸರ್)?

ಮತ್ತೊಬ್ಬರ ಉತ್ತರ
ಅಕ್ಕಪಕ್ಕದ ಸೆಲ್‌ಗಳ ನಡುವೆ ಸಣ್ಣ ಕಿಟಕಿಯಂಥ ಸಂದು ಇದೆಯಾ ನೋಡಿ. ಗುಂಪಿನ ಅಂಚು ಉಬ್ಬುತಗ್ಗಾಗಿದ್ದರೆ ಮೀಸೋಥೀಲಿಯಲ್ ಕಡೆಗೆ ವಾಲುತ್ತದೆ. ಅಡಿನೋಕಾರ್ಸಿನೋಮಾ ಗುಂಪಿನ ಹೊರ ಅಂಚು ಸಾಮಾನ್ಯವಾಗಿ ನುಣುಪು. ಇಡೀ ಸ್ಲೈಡ್ ನೋಡಿ: ಮಾಮೂಲಿ ಸೆಲ್‌ಗಳ ನಡುವೆ ಬೇರೆಯದೇ ಜಾತಿ ಎನಿಸುವ ಸೆಲ್‌ಗಳು ಎದ್ದು ಕಾಣುತ್ತವಾ, ಅಥವಾ ಒಂದೇ ಬಗೆಯವು ಚಿಕ್ಕದರಿಂದ ದೊಡ್ಡದಕ್ಕೆ ಮೆಲ್ಲಗೆ ಬದಲಾಗುತ್ತವಾ? ಮೊದಲನೆಯದಾದರೆ ಅನುಮಾನ ಪಡಬೇಕು.

ಆದರೂ ಕಣ್ಣಂದಾಜು ಸಾಕಾಗದ ಕೇಸ್‌ಗಳಿವೆ. ಉಳಿದ ಸೆಡಿಮೆಂಟ್ ಎಸೆಯಬೇಡಿ, ಫಾರ್ಮಲಿನ್‌ಗೆ ಹಾಕಿ ಸೆಲ್ ಬ್ಲಾಕ್ (ಸೆಲ್‌ಗಳನ್ನು ಮೇಣದಲ್ಲಿ ಗಟ್ಟಿ ಮಾಡಿ ತೆಳ್ಳಗೆ ಕತ್ತರಿಸಿ ನೋಡುವುದು) ಮಾಡಿಸಿ. ಫ್ಲೂಯಿಡ್‌ನಲ್ಲಿ ಹೆಪ್ಪು ಇದ್ದರೆ ಅದನ್ನೂ ಸೇರಿಸಿ, ಸೆಲ್‌ಗಳು ಅದರೊಳಗೇ ಸಿಕ್ಕಿಕೊಂಡಿರುತ್ತವೆ.

ಪ್ರಶ್ನೆ ಕೇಳಿದವರು
ಸೆಲ್ ಬ್ಲಾಕ್ ಬಂತು. ಆ ದೊಡ್ಡ ಸೆಲ್‌ಗಳಲ್ಲಿ ಕ್ಯಾಲ್‌ರೆಟಿನಿನ್ (ಮೀಸೋಥೀಲಿಯಲ್ ಸೆಲ್ ಗುರುತಿಸುವ ಪ್ರೋಟೀನ್) ಪಾಸಿಟಿವ್, ಕ್ಲಾಡಿನ್-4 (ಅಡಿನೋಕಾರ್ಸಿನೋಮಾ ಗುರುತಿಸುವ ಪ್ರೋಟೀನ್) ನೆಗೆಟಿವ್. ಮೀಸೋಥೀಲಿಯಲ್ ಸೆಲ್‌ಗಳೇ ಅಂದರು ಪೆಥಾಲಜಿಸ್ಟ್. ಹಳೆಯ ಮಸುಕು ಸ್ಲೈಡ್‌ಗಳಿದ್ದ ಮೂರು ಕೇಸ್‌ಗಳಲ್ಲೂ ಫ್ಲೂಯಿಡ್ ಫ್ರಿಜ್‌ನಲ್ಲಿ ಉಳಿದಿದೆ. ನಾಳೆ ಕೆನೆಯಿಂದ ಮತ್ತೆ ಸ್ಮಿಯರ್ ಮಾಡುತ್ತೇನೆ.