‘ಬಾರೋ’, ‘ಲೆಂಡ್’ ಮತ್ತು ನಮ್ಮ ಕಡ, ಉದ್ರಿ, ಎರವಲು

ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುವ ಎಂಟನೆಯ ತರಗತಿಯ ಹುಡುಗಿ ಮೊನ್ನೆ ‘ಬಾರೋ ಮಿ ಯುವರ್ ಸ್ಕೇಲ್’ ಎಂದು ಬರೆದಿದ್ದಳು. ಅಲ್ಲಿ ‘ಲೆಂಡ್’ ಆಗಬೇಕು ಎಂದು ತಿದ್ದಿ ಕಳಿಸಿದೆ. ಮರುದಿನ ‘ಐ ಲೆಂಟ್ ಎ ಪೆನ್ ಫ್ರಮ್ ಹರ್’ ಎಂದು ಬರೆದುಕೊಂಡು ಬಂದಳು. ಮತ್ತೆ ತಿದ್ದಲು ಹೋದರೆ, ‘ಅಕ್ಕೋರೆ, ಎರಡೂ ಕಡಾನೇ ಅಲ್ಲೇನ್ರಿ?’ ಎಂದಳು.

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಕಲಬುರಗಿಯ ಒಂದೊಂದು ಓಣಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ಇವುಗಳಲ್ಲಿ ನಾಮಪದ ಒಂದೇ ಇರುತ್ತದೆ, ಜೊತೆಗಿನ ಕ್ರಿಯಾಪದ ಬದಲಾಗುತ್ತದೆ. ಕಡ ಕೊಡು, ಕಡ ತಗೊ. ಉಧಾರ್ ದೇನಾ, ಉಧಾರ್ ಲೇನಾ. ಇಂಗ್ಲಿಷಿನಲ್ಲಿ ಮಾತ್ರ ಕೊಡುವ ಕೈಗೆ ‘ಲೆಂಡ್’, ಚಾಚುವ ಕೈಗೆ ‘ಬಾರೋ’ ಎಂದು ಬೇರೆ ಬೇರೆ ಮಾತು. ಹಾಗೆಂದು ಅದು ಮೊದಲಿನಿಂದ ಗಟ್ಟಿಯಾಗಿ ನಿಂತ ಗೆರೆಯೇನಲ್ಲ. ‘ಬಾರೋ’ದ ಬೇರು ಹಳೆಯ ಇಂಗ್ಲಿಷಿನ ‘ಬೋರ್ಗ್’, ಅಂದರೆ ಜಾಮೀನು, ಒತ್ತೆ. ಅದರ ದಾಯಾದಿಯಾದ ಜರ್ಮನಿನ ‘ಬೋರ್ಗೆನ್’ ಇಂದಿಗೂ ಕೊಡುವುದಕ್ಕೂ ಆಗುತ್ತದೆ, ತೆಗೆದುಕೊಳ್ಳುವುದಕ್ಕೂ ಆಗುತ್ತದೆ. ಇಂಗ್ಲಿಷಿನದೇ ಕೆಲವು ಆಡುನುಡಿಗಳಲ್ಲಿ ‘ಬಾರೋ ಮಿ’ ಎನ್ನುವವರಿದ್ದಾರೆ. ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ, ಅಷ್ಟೇ.

ಮಕ್ಕಳಿಗೆ ನಾನು ಈಗ ಹೇಳಿಕೊಡುವುದು ‘ಕೊಡು’ ಮತ್ತು ‘ಇಸಗೊ’ ಜೋಡಿಯಿಂದ. ‘ಇಸಗೊ’ ಬಹಳ ಚೆಂದದ ಪದ. ‘ಈ’ ಎಂದರೆ ಕೊಡು, ‘ಈಸು’ ಎಂದರೆ ಕೊಡಿಸು, ‘ಈಸಿಕೊಳ್’ ಎಂದರೆ ತನಗೆ ಕೊಡುವಂತೆ ಮಾಡಿಕೊಳ್ಳು. ಬರೀ ‘ತಗೊ’ ಎಂದರೆ ಗೂಟಕ್ಕೆ ತೂಗುಹಾಕಿದ್ದನ್ನೂ ತಗೊಬಹುದು. ಇಸಗೊಳ್ಳಬೇಕಾದರೆ ಎದುರಿಗೆ ಕೊಡುವವರು ಇರಲೇಬೇಕು. ‘ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ’ ಎಂಬ ಗಾದೆ ಹೇಳಿ, ಕೋಡಂಗಿಯ ಕೆಲಸ ‘ಲೆಂಡ್’, ಈರಭದ್ರನ ಕೆಲಸ ‘ಬಾರೋ’ ಎಂದೆ. ಆಮೇಲೆ ಅವಳು ತಪ್ಪಿಲ್ಲ.

ಆದರೆ ಪಾಠ ಮುಗಿದ ಮೇಲೆ ನನಗೆ ಹೊಳೆದದ್ದು ಇನ್ನೊಂದು. ಇಂಗ್ಲಿಷ್ ನೋಡುವುದು ವಸ್ತು ಯಾವ ಕಡೆಗೆ ಹೋಯಿತು ಎಂಬುದನ್ನು. ನಮ್ಮ ಮಾತು ನೋಡುವುದು ತಿರುಗಿ ಬರುವುದು ಏನು ಎಂಬುದನ್ನು. ಪಕ್ಕದ ಮನೆಯ ಹುಡುಗ ವಾಟಗ ಹಿಡಿದುಕೊಂಡು ಬಂದು, ‘ಚಿಗವ್ವಾ, ಒಂದ್ ವಾಟಗ ಜ್ವಾಳದ ಹಿಟ್ಟು ಕಡ ಇಸಗೊಂಡು ಬಾ ಅಂದಾಳ ನಮ್ಮವ್ವ’ ಎನ್ನುತ್ತಾನೆ. ಆ ಹಿಟ್ಟು ರೊಟ್ಟಿಯಾಗಿ ಹೋಯಿತು, ಅದು ತಿರುಗಿ ಬರುವಂಥದ್ದಲ್ಲ. ಬರುವುದು ಅಷ್ಟೇ ಅಳತೆಯ ಬೇರೆ ಹಿಟ್ಟು. ನಮ್ಮ ಅವ್ವ ಕೊಡುವಾಗ ಅಂಗೈಯಿಂದ ಸವರಿ ಸಪಾಟು ಮಾಡಿ ಕೊಡುತ್ತಿದ್ದಳು, ತೀರಿಸುವಾಗ ಗೋಪುರ ಮಾಡಿ ತುಂಬಿ ಕಳಿಸುತ್ತಿದ್ದಳು. ಇದು ಕಡ. ರೊಕ್ಕವಾದರೆ, ಕಾಗದ ಪತ್ರ ಇಲ್ಲದೆ ನಾಲ್ಕು ದಿನಕ್ಕೆ ಇಸಗೊಂಡದ್ದು ಕೈಗಡ. ಪುಸ್ತಕ, ಒಡವೆ, ಮದುವೆಗೆ ಒಯ್ದ ಕೊಪ್ಪರಿಗೆ, ಇವು ಒಯ್ದದ್ದೇ ತಿರುಗಿ ಬರಬೇಕಾದವು. ಇದು ಎರವಲು. ಕಿರಾಣಿ ಅಂಗಡಿಯಿಂದ ಸಾಮಾನು ತಂದು ತಿಂಗಳ ಕೊನೆಗೆ ಅದರ ಬೆಲೆ ಕೊಟ್ಟರೆ ಅದು ಉದ್ರಿ. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕದಲ್ಲಿ ‘ಕಡ’ ಎಂದು ಬರೆದರೆ ಒಪ್ಪುವುದೇ ಇಲ್ಲ.

ಹಿಟ್ಟಿಗೂ ‘ಬಾರೋ’, ಪುಸ್ತಕಕ್ಕೂ ‘ಬಾರೋ’ ಎನ್ನುವ ಇಂಗ್ಲಿಷಿಗೆ ಈ ಭೇದ ಒಂದು ಕ್ರಿಯಾಪದದಲ್ಲಿ ಸಿಗುವುದಿಲ್ಲ. ಉದ್ರಿಗೆ ಮಾತ್ರ ‘ಆನ್ ಕ್ರೆಡಿಟ್’ ಇದೆ. ರೋಮನ್ನರ ಕಾನೂನಿನಲ್ಲಿ ಅಷ್ಟೇ ಅಳತೆ ತಿರುಗಿ ಕೊಡುವುದಕ್ಕೆ ‘ಮೂಟುಉಮ್’, ಅದೇ ವಸ್ತುವನ್ನು ತಿರುಗಿ ಕೊಡುವುದಕ್ಕೆ ‘ಕೊಮೊಡಾಟುಮ್’ ಎಂದು ಎರಡು ಹೆಸರಿದ್ದವು. ಅಲ್ಲಿ ನ್ಯಾಯಶಾಸ್ತ್ರಜ್ಞರು ಮಾಡಿದ ವಿಂಗಡಣೆಯನ್ನು ನಮ್ಮಲ್ಲಿ ಅಡುಗೆಮನೆಯ ಹೆಣ್ಣುಮಕ್ಕಳು ದಿನಾ ಮಾಡುತ್ತಾರೆ. ಅದಕ್ಕೇ ಎಲ್ಲದಕ್ಕೂ ‘ಸಾಲ’ ಎಂದು ಬರೆದುಬಿಡುವ ಅನುವಾದ ಕಂಡರೆ ನನಗೆ ಸಂಕಟವಾಗುತ್ತದೆ.

‘ಲೋನ್’ ನಮ್ಮೂರಲ್ಲಿ ಬ್ಯಾಂಕಿನದು ಮಾತ್ರ, ಸಾಹುಕಾರನದು ಸಾಲ. ಅಮೆರಿಕದಲ್ಲಿ ‘ಲೋನ್’ ಕ್ರಿಯಾಪದವೂ ಹೌದು, ‘ಲೆಂಡ್’ ಎಂಬುದೇ ಅರ್ಥ. ಬಾಡಿಗೆಯ ವಿಷಯಕ್ಕೆ ಬಂದರೆ ಇಂಗ್ಲಿಷೂ ನಮ್ಮ ಹಾಗೇ ಆಗುತ್ತದೆ: ‘ರೆಂಟ್’ ಮನೆಮಾಲೀಕನಿಗೂ ಸಲ್ಲುತ್ತದೆ, ಬಾಡಿಗೆಯವನಿಗೂ ಸಲ್ಲುತ್ತದೆ. ಗೇಟಿಗೆ ತೂಗುವ ‘ಟು ಲೆಟ್’ ಮಾತ್ರ ಕೊಡುವವನದು.

ಈಗ ನನ್ನ ಪ್ರಶ್ನೆ. ‘ಲೆಂಡರ್’, ‘ಬಾರೋವರ್’ ಎಂಬ ಇಬ್ಬರಿಗೂ ನಾವು ‘ಸಾಲಗಾರ’ ಎನ್ನುತ್ತೇವೆ. ಬ್ಯಾಂಕಿನ ಕನ್ನಡ ಕಾಗದದಲ್ಲಿ ಸಾಲಗಾರ ಎಂದರೆ ಪಡೆದವನು. ಪತ್ರಿಕೆಯಲ್ಲಿ ‘ಸಾಲಗಾರರ ಕಾಟ’ ಎಂದಾಗ ಕೊಟ್ಟವರು. ಸರ್ವಜ್ಞನ ತ್ರಿಪದಿಯಲ್ಲಿ ಸಾಲವನ್ನು ಕೊಂಬಾಗ ಹಾಲೋಗರ ಉಂಡವನ ಕಿಬ್ಬದಿಯ ಕೀಲು ಮುರಿಯುವಂತೆ ಎಳೆಯುವ ಸಾಲಿಗರೂ ಕೊಟ್ಟವರೇ. ನಮ್ಮ ಕಾಕಾ ಜಾಮೀನಿಗೆ ಸಹಿ ಹಾಕುವ ಮುಂಚೆ ಒಂದು ಕಾಗದವನ್ನು ನನ್ನ ಕೈಗೆ ಕೊಟ್ಟು, ‘ಇದ್ರಾಗ ಸಾಲಗಾರ ಅಂದ್ರ ಯಾರವ್ವ, ಅವರೋ ನಾವೋ?’ ಎಂದು ಕೇಳಿದ್ದರು. ಎರಡು ಸಲ ಓದಿದ ಮೇಲೆಯೇ ನಾನು ಹೇಳಲು ಆದದ್ದು.

ಔರಾದ, ಭಾಲ್ಕಿ ಕಡೆಯವರು, ಶಹಾಪುರ, ಸುರಪುರದವರು ಹೇಳಿ: ಕೊಟ್ಟವನಿಗೆ ಒಂದು, ಇಸಗೊಂಡವನಿಗೆ ಒಂದು ಎಂದು ನಿಮ್ಮ ಮನೆಮಾತಿನಲ್ಲಿ ಒಂದೊಂದೇ ಪದ ಬಳಕೆಯಲ್ಲಿದೆಯೇ? ಹಿಟ್ಟು, ಸಕ್ಕರೆಗೆ ‘ಕಡ’ ಎನ್ನುವ ಮಾತು ನಿಮ್ಮ ಮಕ್ಕಳ ಬಾಯಲ್ಲಿ ಈಗಲೂ ಇದೆಯೇ?