ಪದಚರ್ಚೆ: ‘ಪಿನ್ ವೇಟ್’ಗೆ ‘ನೊಗಭಾರ’ ಆಗಬಹುದೇ? ‘ರೇಟಿಂಗ್’ಗೆ ‘ತಾಳಿಕೆ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿಗೆ ಮನೆಗಾಡಿ ಕಟ್ಟಿಕೊಂಡು ಊರೂರು ಸುತ್ತುವ ಕೆಲವು ಕನ್ನಡ ಕುಟುಂಬಗಳು ನನಗೆ ಗೊತ್ತು. ಅವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಗಾಡಿಗೆ ಎಷ್ಟು ತೂಕ ಹೇರಬಹುದು, ಹೇರಿದ್ದು ಎಲ್ಲಿ ಕೂರುತ್ತದೆ, ಕಮಾನು (ಗಾಡಿಯ ಸ್ಪ್ರಿಂಗ್) ಯಾಕೆ ತುಂಡಾಗುತ್ತದೆ, ಇಷ್ಟೇ ವಿಷಯ. ಬರೆಯುತ್ತಾ ಹೋದಂತೆ ಕೆಲವು ಪದಗಳ ಹತ್ತಿರ ನಿಂತುಬಿಟ್ಟೆ. ಇಲ್ಲಿ ಪದ ತಪ್ಪಿದರೆ ಓದಿದವರು ಲೆಕ್ಕ ತಪ್ಪುತ್ತಾರೆ. ಲೆಕ್ಕ ತಪ್ಪಿದರೆ ಹೆದ್ದಾರಿಯಲ್ಲಿ ಚಕ್ರ ಕಿತ್ತುಕೊಳ್ಳುತ್ತದೆ. ಅದಕ್ಕೇ ನಿಮ್ಮೆಲ್ಲರ ಹತ್ತಿರ ಕೇಳುತ್ತಿದ್ದೇನೆ.

ಮೊದಲಿಗೆ ‘ಫಿಫ್ತ್ ವೀಲ್’. ಇದನ್ನು ‘ಐದನೇ ಚಕ್ರ’ ಅಂತ ಬರೆದು ತಿಪಟೂರು ಕಡೆಯ ಲಾರಿ ಮಾಲೀಕರೊಬ್ಬರಿಗೆ ಓದಲು ಕೊಟ್ಟೆ. “ಸ್ಟೆಪ್ನಿ ವಿಷಯ ಬರೀತಿದ್ದೀರಾ ಸಾರ್?” ಅಂತ ಕೇಳಿದರು. ಅವರು ಕೇಳಿದ್ದು ಸರಿಯೇ. ನಾಲ್ಕು ಚಕ್ರದ ಗಾಡಿಗೆ ಐದನೆಯದು ಅಂದರೆ ನಮಗೆ ಹೊಳೆಯುವುದು ಸ್ಟೆಪ್ನಿಯೇ. ಆದರೆ ಫಿಫ್ತ್ ವೀಲ್ ಉರುಳುವ ಚಕ್ರವಲ್ಲ. ಹಿಂದೆ ನಾಲ್ಕು ಚಕ್ರದ ಕುದುರೆಗಾಡಿಯಲ್ಲಿ ಮುಂದಿನ ಅಚ್ಚು ಎಡಕ್ಕೆ ಬಲಕ್ಕೆ ತಿರುಗಲು ಅದರ ಮೇಲೆ ಒಂದು ಕಬ್ಬಿಣದ ಬಳೆಯನ್ನು ಮಲಗಿಸಿ ಕೂರಿಸುತ್ತಿದ್ದರು. ಆ ಬಳೆಗೆ ಬಂದ ಹೆಸರು ಅದು. 1914ರಲ್ಲಿ ಡೆಟ್ರಾಯ್ಟಿನ ಕಮ್ಮಾರ ಆಗಸ್ಟ್ ಫ್ರೂಹಾಫ್ ಮೋಟಾರು ಗಾಡಿಯ ಹಿಂದೆ ಎಳೆಯುವ ಟ್ರೈಲರ್ ಕಟ್ಟಿದ. ಟ್ರೈಲರ್‌ಗಳು ಬೆಳೆದಂತೆ ಲಾರಿಯ ಬೆನ್ನ ಮೇಲೆ ಕೂರಿಸುವ ಕೊಂಡಿತಟ್ಟೆಗೂ ಇದೇ ಹೆಸರು ನಿಂತಿತು. ಈಗ ಆ ತಟ್ಟೆಗೆ ಸಿಕ್ಕಿಸುವ ಮನೆಗಾಡಿಯನ್ನೂ ಫಿಫ್ತ್ ವೀಲ್ ಅಂತಲೇ ಕರೆಯುತ್ತಾರೆ. ಕೊಂಡಿಗೂ ಗಾಡಿಗೂ ಒಂದೇ ಹೆಸರು. ಕೈಪಿಡಿಯಲ್ಲಿ ಗಾಡಿಗೆ ‘ಫಿಫ್ತ್ ವೀಲ್ ಟ್ರೈಲರ್’ ಅಂತ ಹಾಗೇ ಉಳಿಸಿ, ಕೊಂಡಿಗೆ ‘ಕೊಂಡಿತಟ್ಟೆ’ ಅಂತ ಬರೆದಿದ್ದೇನೆ. ‘ಐದನೇ ಚಕ್ರ’ವನ್ನು ಕೈಬಿಟ್ಟಿದ್ದೇನೆ.

‘ಕಿಂಗ್ ಪಿನ್’ ಕೂಡ ಹೀಗೇ ಗೊಂದಲ ಮಾಡುತ್ತದೆ. ನಮ್ಮೂರ ಗ್ಯಾರೇಜಿನಲ್ಲಿ ಕಿಂಗ್ ಪಿನ್ ಅಂದರೆ ಲಾರಿಯ ಮುಂದಿನ ಅಚ್ಚಿನಲ್ಲಿ ಚಕ್ರ ತಿರುಗುವ ಗೂಟ. ಬುಷ್ ಸವೆದಿದೆ ಅಂತ ಆಗಾಗ ಬಿಚ್ಚುವುದು ಅದನ್ನೇ. ಟ್ರೈಲರಿನಲ್ಲಿ ಕಿಂಗ್ ಪಿನ್ ಅಂದರೆ ಮೂತಿಯಿಂದ ಕೆಳಗೆ ಇಳಿಬಿದ್ದು ಕೊಂಡಿತಟ್ಟೆಯೊಳಗೆ ಸಿಕ್ಕಿಕೊಳ್ಳುವ ಉಕ್ಕಿನ ಗೂಟ. ಎರಡಕ್ಕೂ ಒಂದೇ ಪದ ಇಟ್ಟರೆ ಗ್ಯಾರೇಜ್ ಗೊತ್ತಿದ್ದವರಿಗೇ ಜಾಸ್ತಿ ಗೊಂದಲ. ‘ಕೊಂಡಿಗೂಟ’ ಅಂತ ಬರೆದಿದ್ದೇನೆ. ಇನ್ನೂ ಚೆನ್ನಾದದ್ದು ಇದ್ದರೆ ಹೇಳಿ.

ಇನ್ನು ನನ್ನ ಮುಖ್ಯ ಪ್ರಶ್ನೆ. ಈ ಕೊಂಡಿಗೂಟದ ಮೂಲಕ ಟ್ರೈಲರಿನ ತೂಕದ ಒಂದು ಪಾಲು ಟ್ರಕ್ಕಿನ ಮೇಲೆ ಕೂರುತ್ತದೆ. ಸಾಮಾನ್ಯವಾಗಿ ನೂರಕ್ಕೆ 15ರಿಂದ 25ರಷ್ಟು. ಅದಕ್ಕೆ ‘ಪಿನ್ ವೇಟ್’ ಅನ್ನುತ್ತಾರೆ. ಉಳಿದದ್ದು ಟ್ರೈಲರಿನ ಸ್ವಂತ ಅಚ್ಚುಗಳ ಮೇಲೆ. ‘ಗೂಟದ ತೂಕ’ ಅಂತ ಬರೆದರೆ ಗೂಟವೇ ಇಷ್ಟು ಕೆಜಿ ತೂಗುತ್ತದೆ ಅಂತ ಓದಿಕೊಳ್ಳುತ್ತಾರೆ. ನನಗೆ ಹೊಳೆದದ್ದು ‘ನೊಗಭಾರ’. ಎರಡು ಚಕ್ರದ ಎತ್ತಿನ ಗಾಡಿಯಲ್ಲಿ ಹೇರಿದ್ದರ ಸ್ವಲ್ಪ ಭಾರ ಮೂಕಿಯ ಮೂಲಕ ನೊಗಕ್ಕೆ, ನೊಗದಿಂದ ಎತ್ತಿನ ಹೆಗಲಿಗೆ ಬರುತ್ತದೆ ಅಲ್ವಾ? ಮುಂದೆ ಜಾಸ್ತಿ ಹೇರಿದರೆ ಮುಂಭಾರ, ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದೆ ಜಾಸ್ತಿ ಹೇರಿದರೆ ಹಿಂಭಾರ, ಮೂಕಿ ಮೇಲಕ್ಕೆದ್ದು ನೊಗ ಎತ್ತಿನ ಕೊರಳನ್ನು ಎತ್ತುತ್ತದೆ. ಫಿಫ್ತ್ ವೀಲ್ ಟ್ರೈಲರಿನಲ್ಲಿ ನಡೆಯುವುದೂ ಇದೇ ಲೆಕ್ಕ. ಹಾಗಾಗಿ ಈ ಮೂರು ಪದಗಳನ್ನೂ ಇದ್ದಂತೆಯೇ ತೆಗೆದುಕೊಳ್ಳಬಹುದು ಅನ್ನಿಸಿತು.

ಮುಂಭಾರ, ಹಿಂಭಾರ ಅನ್ನುವುದು ಸಿಕ್ಕ ಮೇಲೆ ಒಂದು ಕಷ್ಟದ ಮಾತು ಸಲೀಸಾಗಿ ಹೇಳಲು ಬಂತು. ಅಚ್ಚುಗಳಿಗಿಂತ ಹಿಂದೆ ಏನಾದರೂ ಹೇರಿದರೆ ಅಚ್ಚುಗಳ ಮೇಲೆ ಅದರ ತೂಕಕ್ಕಿಂತ ಜಾಸ್ತಿಯೇ ಭಾರ ಬೀಳುತ್ತದೆ. ಯಾಕಂದರೆ ಅದು ಮೂತಿಯನ್ನು ಮೇಲಕ್ಕೆತ್ತಿ ನೊಗಭಾರವನ್ನು ಕಡಿಮೆ ಮಾಡುತ್ತದೆ. ಟ್ರಕ್ಕು ಬಿಟ್ಟುಕೊಟ್ಟ ಭಾರವೂ ಅಚ್ಚಿನ ಪಾಲಿಗೇ ಬರುತ್ತದೆ. ನೀರಿನ ಟ್ಯಾಂಕು ಹಿಂದೆ ಇರುವ ಗಾಡಿಗಳಲ್ಲಿ ಇದು ದೊಡ್ಡ ವಿಷಯ. ಅಮೆರಿಕದ ಒಂದು ಗ್ಯಾಲನ್ ನೀರು 8.34 ಪೌಂಡ್. 60 ಗ್ಯಾಲನ್ ತುಂಬಿಸಿದರೆ 500 ಪೌಂಡ್, ಅಂದರೆ 227 ಕೆಜಿ. ‘ಹಿಂಭಾರವಾಯಿತು’ ಅಂತ ಒಂದೇ ಮಾತಿನಲ್ಲಿ ಬರೆದೆ. ಗಾಡಿ ನೋಡಿದ್ದವರಿಗೆ ಅಷ್ಟೇ ಸಾಕಾಯಿತು.

ಈಗ ‘ರೇಟಿಂಗ್’ಗೆ ಬರೋಣ. ಟ್ರೈಲರಿನ ಎಡಬದಿ ಮುಂಭಾಗದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಜಿವಿಡಬ್ಲ್ಯುಆರ್ (ಗ್ರಾಸ್ ವೆಹಿಕಲ್ ವೇಟ್ ರೇಟಿಂಗ್) ಮತ್ತು ಜಿಎಡಬ್ಲ್ಯುಆರ್ (ಗ್ರಾಸ್ ಆಕ್ಸಲ್ ವೇಟ್ ರೇಟಿಂಗ್) ಅಂತ ಎರಡು ಅಂಕಿ. ಮೊದಲನೆಯದನ್ನು ‘ಒಟ್ಟು ವಾಹನ ತೂಕ’ ಅಂತ ಕನ್ನಡಕ್ಕೆ ತಂದರೆ ಕೊನೆಯ ಅಕ್ಷರದ ಅರ್ಥವೇ ಬಿದ್ದುಹೋಗುತ್ತದೆ. ಓದುವವರು ‘ಓಹೋ, ನನ್ನ ಗಾಡಿ ಇಷ್ಟು ತೂಗುತ್ತದೆ’ ಅಂದುಕೊಳ್ಳುತ್ತಾರೆ. ಅದು ತೂಗಿ ನೋಡಿದ ಅಂಕಿಯಲ್ಲ. ತುಂಬಿದ ಗಾಡಿ ಇದಕ್ಕಿಂತ ಹೆಚ್ಚು ತೂಗಬಾರದು ಅಂತ ತಯಾರಕರು ಕಟ್ಟಿದ ಮಿತಿ. ಎರಡನೆಯದು ಒಂದೊಂದು ಅಚ್ಚು ಎಷ್ಟು ಹೊರಬಹುದು ಅನ್ನುವ ಮಿತಿ. ಚಕ್ರ, ಟಯರು, ಕಮಾನು ಎಲ್ಲ ಸೇರಿಸಿ, ಅದರಲ್ಲಿ ಯಾವುದು ಬಲಹೀನವೋ ಅದರ ಲೆಕ್ಕಕ್ಕೆ.

ಇಲ್ಲಿ ತೂಕ, ಭಾರ, ಹೇರು ಮೂರನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದೇನೆ. ತಕ್ಕಡಿ ತೋರಿಸಿದ್ದು ತೂಕ. ಒಂದು ಭಾಗದ ಮೇಲೆ ಬಿದ್ದದ್ದು ಭಾರ. ನಾವು ತುಂಬಿದ ಸಾಮಾನು ಹೇರು. ಹೊರುವ ಮಿತಿಗೆ ‘ತಾಳಿಕೆ’. ಹಾಗಾಗಿ ‘ಒಟ್ಟು ತೂಕದ ಮಿತಿ’, ‘ಅಚ್ಚಿನ ತಾಳಿಕೆ’, ‘ಖಾಲಿ ತೂಕ’, ‘ಹೇರಿನ ಮಿತಿ’. ‘ಸಾಮರ್ಥ್ಯ’ ಅಂತ ಬರೆಯಬಹುದಿತ್ತು. ಆದರೆ ಸಾಮರ್ಥ್ಯ ಅಂದರೆ ಹೊಗಳಿಕೆಯ ಮಾತಾಗಿ ಕೇಳುತ್ತದೆ, ಅಲ್ಲಿಯವರೆಗೂ ತುಂಬಿಸಿ ಅಂತ ಕರೆದ ಹಾಗೆ. ತಾಳಿಕೆಯಲ್ಲಿ ‘ಇನ್ನು ಮೇಲೆ ತಾಳಲಾರದು’ ಅನ್ನುವ ಎಚ್ಚರ ಇದೆ.

ಪದಗಳು ಲೆಕ್ಕದಲ್ಲಿ ನಿಲ್ಲುತ್ತವೆಯೇ ಅಂತ ನೋಡಲು ಒಂದು ಉದಾಹರಣೆ ಹಾಕಿಕೊಂಡೆ. ಒಟ್ಟು ತೂಕದ ಮಿತಿ 14,000 ಪೌಂಡ್, ಅಂದರೆ 6,350 ಕೆಜಿ. ಅಚ್ಚು ಎರಡು, ಒಂದೊಂದರ ತಾಳಿಕೆ 6,000 ಪೌಂಡ್. ಎರಡೂ ಸೇರಿ 12,000. ಮಿತಿಗಿಂತ ತಾಳಿಕೆಯೇ 2,000 ಪೌಂಡ್ ಕಡಿಮೆ! ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಆ 2,000ವನ್ನು ನೊಗಭಾರವಾಗಿ ಟ್ರಕ್ಕು ಹೊರುತ್ತದೆ ಅಂತ ತಯಾರಕರು ಲೆಕ್ಕ ಹಾಕಿರುತ್ತಾರೆ. ಈಗ ತುಂಬಿದ ಗಾಡಿ 13,800 ಪೌಂಡ್ ತೂಗಿತು ಅನ್ನಿ. ನೊಗಭಾರ ನೂರಕ್ಕೆ 20 ಇದ್ದರೆ ಅಚ್ಚುಗಳ ಮೇಲೆ 11,040. ಪರವಾಗಿಲ್ಲ. ಅದೇ ಗಾಡಿ ಹಿಂಭಾರವಾಗಿ ನೊಗಭಾರ ನೂರಕ್ಕೆ 15ಕ್ಕೆ ಇಳಿದರೆ ಅಚ್ಚುಗಳ ಮೇಲೆ 11,730. ಉಳಿದದ್ದು ಬರೀ 270 ಪೌಂಡ್. ಗಾಡಿಯ ತೂಕ ಒಂದು ಪೌಂಡೂ ಬದಲಾಗಿಲ್ಲ. ಭಾರ ಮಾತ್ರ ಜಾಗ ಬದಲಿಸಿದೆ. ‘ತೂಕ’ ಮತ್ತು ‘ಭಾರ’ವನ್ನು ಒಂದೇ ಅಂತ ಬಳಸಿದ್ದರೆ ಈ ವಾಕ್ಯ ಬರೆಯಲು ಆಗುತ್ತಲೇ ಇರಲಿಲ್ಲ.

ಟ್ರಕ್ಕಿನ ಕಡೆಗೂ ‘ನೊಗಭಾರ’ ಹೊಂದುತ್ತದೆ. ಡ್ರೈವರ್ ಬಾಗಿಲ ಚೌಕಟ್ಟಿನ ಮೇಲೆ, ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಅಂತ ಇನ್ನೊಂದು ಚೀಟಿ ಇರುತ್ತದೆ. ನೊಗಭಾರ ಆ ಲೆಕ್ಕದೊಳಗೇ ಬರಬೇಕು. ಎಳೆಯುವ ಶಕ್ತಿಯ ಜಾಹೀರಾತು ನೋಡಿ ಟ್ರಕ್ಕು ಕೊಂಡವರಿಗೆ ಎಷ್ಟೋ ಸಲ ಎಳೆಯುವ ಮಿತಿಗಿಂತ ಮೊದಲು ಈ ಮಿತಿಯೇ ಮುಗಿದಿರುತ್ತದೆ.

ತೂಗಿಸುವುದು ಹೇಗೆ ಅನ್ನುವುದನ್ನೂ ಬರೆದಿದ್ದೇನೆ. ಅಲ್ಲಿನ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ವೇಬ್ರಿಡ್ಜ್ ಇರುತ್ತದೆ. ಟ್ರಕ್ಕಿನ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೈಲರಿನ ಅಚ್ಚುಗಳು ಮೂರನ್ನೂ ಬೇರೆ ಬೇರೆ ತೋರಿಸುತ್ತದೆ. ಟ್ರೈಲರ್ ಸಮೇತ ಒಮ್ಮೆ, ಬಿಚ್ಚಿಟ್ಟು ಟ್ರಕ್ಕು ಒಂದನ್ನೇ ಒಮ್ಮೆ ತೂಗಿಸಿದರೆ ಟ್ರಕ್ಕಿನ ಅಚ್ಚುಗಳಲ್ಲಿ ಬರುವ ವ್ಯತ್ಯಾಸವೇ ನೊಗಭಾರ. ಆದರೆ ಎಡ ಬಲದ ವ್ಯತ್ಯಾಸ ಇದರಲ್ಲಿ ಕಾಣುವುದಿಲ್ಲ. ಅಡುಗೆಮನೆ, ಫ್ರಿಜ್ ಎಲ್ಲ ಒಂದೇ ಬದಿಯ ಸ್ಲೈಡಿನಲ್ಲಿದ್ದರೆ (ಗಾಡಿ ನಿಲ್ಲಿಸಿದಾಗ ಪಕ್ಕಕ್ಕೆ ಹೊರಚಾಚುವ ಭಾಗ) ಆ ಬದಿಯ ಕಮಾನುಗಳಿಗೆ ಭಾರ ಜಾಸ್ತಿ. 6,000 ಪೌಂಡಿನ ಅಚ್ಚಿಗೆ ಹಾಕುವ ಕಮಾನಿನ ತಾಳಿಕೆ ಒಂದಕ್ಕೆ 3,000. ಒಟ್ಟು ಲೆಕ್ಕ ಸರಿ ಇದ್ದೂ ಒಂದು ಕಮಾನು 3,200 ಹೊರುತ್ತಿರಬಹುದು. ‘ಓರೆಭಾರ’ ಅಂತ ಬರೆದೆ. ನಿಮ್ಮ ಕಡೆ ಗಾಡಿ ಒಂದು ಪಕ್ಕಕ್ಕೆ ಹೇರಾದರೆ ಏನಂತಾರೆ?

ಈಗ ಕಮಾನು. ಬಿಲ್ಲಿಗೆ ಹೇಳುವ ಪಾರಸಿ ಪದ ಅದು. ಪಿಟೀಲಿನ ಕಮಾನು, ಬಾಗಿಲ ಕಮಾನು, ಗಾಡಿಯ ಕಮಾನು ಎಲ್ಲದರಲ್ಲೂ ಅದೇ ಬಾಗು ಇದೆ. ಲೀಫ್ ಸ್ಪ್ರಿಂಗಿಗೆ ‘ಎಲೆ ಸ್ಪ್ರಿಂಗ್’ ಅನ್ನುವುದಕ್ಕಿಂತ ‘ಪಟ್ಟಿ ಕಮಾನು’ ಮೇಲು ಅನ್ನಿಸಿತು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ತಾನೇ? ಎಲ್ಲಕ್ಕಿಂತ ಮೇಲಿನದು, ಎರಡು ತುದಿಗೂ ಸುರುಳಿ ಸುತ್ತಿದ್ದು, ‘ಮೇನ್ ಪಟ್ಟಿ’. ಸೆಂಟರ್ ಬೋಲ್ಟ್ (ಪಟ್ಟಿಗಳ ನಡುವಿನ ತೂತಿನಲ್ಲಿ ತೂರಿದ್ದು), ಯು ಬೋಲ್ಟ್ (ಕಮಾನನ್ನು ಅಚ್ಚಿಗೆ ಬಿಗಿಯುವುದು), ಶಾಕಲ್ (ಕಮಾನಿನ ತುದಿಯ ತೂಗುಕೊಂಡಿ), ಬುಷ್ ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ಗ್ಯಾರೇಜಿನವರು ಆಡುವ ಮಾತುಗಳು, ಅವಕ್ಕೆ ಹೊಸ ಹೆಸರು ಬೇಡ.

ಕೆಡುವ ಬಗೆಗಳಿಗೆ ನಮ್ಮಲ್ಲಿ ಸೊಗಸಾದ ಮಾತುಗಳಿವೆ. ಬಾಗು ಕಳೆದುಕೊಂಡು ಚಪ್ಪಟೆಯಾದರೆ ‘ಕಮಾನು ಕೂತಿದೆ’. ತುಂಡಾದರೆ ‘ಕಟ್ಟಾಗಿದೆ’. ನನಗೆ ತೊಡಕಾಗಿರುವುದು ಈ ಎರಡರ ನಡುವಿನ ಸ್ಥಿತಿ. ಕೂತಿಲ್ಲ, ಕಟ್ಟಾಗಿಲ್ಲ, ಒಳಗೇ ಸೋಲುತ್ತಿದೆ.

ನ್ಯೂ ಮೆಕ್ಸಿಕೋದಲ್ಲಿ ಸ್ನೇಹಿತರೊಬ್ಬರ ಟ್ರೈಲರಿನ ಮೇನ್ ಪಟ್ಟಿ ಹೀಗೆ ಹೋಯಿತು. ಹೊರಡುವ ಮೊದಲು ತೂಗಿಸಿದ ಚೀಟಿ ಅವರ ಹತ್ತಿರ ಇತ್ತು, ಎಲ್ಲ ಮಿತಿಯೊಳಗೇ ಇತ್ತು. ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಮುರಿದದ್ದು ಸರಿಯಾಗಿ ಸೆಂಟರ್ ಬೋಲ್ಟಿನ ತೂತಿನ ಹತ್ತಿರ. ಮುರಿದ ಮುಖದಲ್ಲಿ ಎರಡು ಬಣ್ಣ. ತೂತಿನ ಅಂಚಿನಿಂದ ಹೊರಟ ಭಾಗ ಕಂದು ತುಕ್ಕು ಹಿಡಿದು ನುಣ್ಣಗಾಗಿತ್ತು, ಅದರ ಮೇಲೆ ತೆಳ್ಳನೆಯ ಬಾಗಿದ ಗೆರೆಗಳಿದ್ದವು. ಉಳಿದದ್ದು ಹೊಳೆಯುವ ಬೂದು, ಮುಟ್ಟಿದರೆ ತರಿತರಿ. ಕಂದು ಭಾಗ ಎಂದೋ ಬಿಟ್ಟ ಬಿರುಕು. ಬೂದು ಭಾಗ ಆವತ್ತು ಮುರಿದದ್ದು. ಬಿರುಕು ಬಹಳ ದಿನದಿಂದ ಇಂಚಿಂಚಾಗಿ ಬೆಳೆದು, ಉಳಿದ ಉಕ್ಕು ಭಾರ ತಾಳದಷ್ಟು ಕಿರಿದಾದಾಗ ಒಮ್ಮೆಲೇ ಹೋಗಿದೆ. ಯು ಬೋಲ್ಟ್ ಸಡಿಲವಾದರೆ ಪಟ್ಟಿ ಆ ತೂತಿನ ಜಾಗದಲ್ಲೇ ಬಳುಕಲು ಶುರುಮಾಡುತ್ತದೆ, ಅಲ್ಲೇ ಬಿರುಕು ಹುಟ್ಟುತ್ತದೆ. ಅವರ ಗಾಡಿಯ ಒಂದು ಯು ಬೋಲ್ಟಿನ ನಟ್ಟು ಸುಲಭವಾಗಿ ತಿರುಗುತ್ತಿತ್ತು.

ಈ ಗಾಡಿಗಳಲ್ಲಿ ಅಚ್ಚನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿರುವುದೂ ಮೇನ್ ಪಟ್ಟಿಯೇ. ಅದು ಹೋದ ಕೂಡಲೇ ಅಚ್ಚು ಓರೆಯಾಗಿ ಟಯರು ಪಕ್ಕದ ಟಯರಿಗೋ ಗಾಡಿಯ ತಳಕ್ಕೋ ಉಜ್ಜುತ್ತದೆ. ಅವರಿಗೆ ಮೊದಲು ಗೊತ್ತಾದದ್ದು ಸುಟ್ಟ ರಬ್ಬರಿನ ವಾಸನೆಯಿಂದ.

ಹೀಗೆ ಒಳಗೇ ಬಿರುಕು ಬೆಳೆದು ಸೋಲುವುದಕ್ಕೆ ಇಂಗ್ಲಿಷಿನಲ್ಲಿ ‘ಮೆಟಲ್ ಫಟೀಗ್’ ಅನ್ನುತ್ತಾರೆ. ಅದನ್ನು ‘ಲೋಹದ ದಣಿವು’ ಅನ್ನಬಹುದೇ? ದಣಿದವರು ಸುಧಾರಿಸಿಕೊಂಡು ಏಳುತ್ತಾರೆ. ಬಿರುಕು ಬಿಟ್ಟ ಪಟ್ಟಿ ಗಾಡಿ ನಿಲ್ಲಿಸಿಟ್ಟರೂ ಕೂಡಿಕೊಳ್ಳುವುದಿಲ್ಲ. ‘ಸವೆತ’ ಅಂದರೆ ಉಜ್ಜಿ ಕರಗುವುದು, ಅದು ಬುಷ್ಷಿಗೆ ಸರಿ. ‘ನವೆತ’ ಹೇಗೆ? ಬಟ್ಟೆ ನವೆದಿದೆ ಅನ್ನುತ್ತೇವೆ, ನೋಡಲು ಇಡಿಯಾಗಿದ್ದು ಕೈಯಲ್ಲಿ ಎಳೆದರೆ ಹರಿಯುತ್ತದೆ. ಉಕ್ಕಿಗೆ ಈ ಮಾತನ್ನು ಯಾರಾದರೂ ಬಳಸಿದ್ದನ್ನು ಕೇಳಿದ್ದೀರಾ?

ಇಲ್ಲಿ ನನಗೆ ಕೈಹಿಡಿದದ್ದು ನಮ್ಮ ಜೋಡುಮಾತು, ತಾಳಿಕೆ ಬಾಳಿಕೆ. ಸುಮ್ನೆ ಜೊತೆಗೆ ಆಡಿಬಿಡುತ್ತೇವೆ. ಕಮಾನಿನ ವಿಷಯದಲ್ಲಿ ಅವೆರಡೂ ಬೇರೆ ಬೇರೆ. ತಾಳಿಕೆ ಅಂದರೆ ಒಂದು ಸಲಕ್ಕೆ ಎಷ್ಟು ಭಾರ ಹೊರಬಲ್ಲದು. ಬಾಳಿಕೆ ಅಂದರೆ ಅಂಥ ಭಾರವನ್ನು ಎಷ್ಟು ಸಲ ಹೊತ್ತು ಬಳುಕಬಲ್ಲದು. ಚೀಟಿಯಲ್ಲಿ ಬರೆದಿರುವುದು ತಾಳಿಕೆ ಮಾತ್ರ. ತಾಳಿಕೆಯ ಅಂಚಿನಲ್ಲೇ ದಿನವೂ ಓಡಿದರೆ ಪ್ರತಿ ಗುಂಡಿಗೂ ಬಾಳಿಕೆ ಕರಗುತ್ತದೆ. ಮಿತಿ ಮೀರದೆಯೂ ಕಮಾನು ಮುರಿಯುವುದು ಹೀಗೆ. ಹೆಚ್ಚು ತಾಳಿಕೆಯ ಕಮಾನು ಹಾಕಿಸಿದರೆ ಬಾಳಿಕೆ ಹೆಚ್ಚುತ್ತದೆ, ಆದರೆ ಚೀಟಿಯ ಮಿತಿ ಹೆಚ್ಚುವುದಿಲ್ಲ. ಅಚ್ಚು, ಟಯರು, ಚಾಸಿ ಎಲ್ಲ ಹಳೆಯವೇ ಇರುತ್ತವಲ್ಲ. ಈ ಕೊನೆಯ ಮಾತನ್ನು ಎಷ್ಟು ಬಿಡಿಸಿ ಹೇಳಿದರೂ ಕಡಿಮೆಯೇ ಅಂತ ನನ್ನ ಅಭಿಪ್ರಾಯ.

ಮೇಲೆ ಕೇಳಿದವುಗಳ ಜೊತೆಗೆ ಇನ್ನೆರಡು. ಎರಡು ಕಮಾನುಗಳ ನಡುವೆ ತೂಗಾಡುತ್ತಾ ಭಾರ ಹಂಚುವ ಈಕ್ವಲೈಜರ್ ತುಂಡಿಗೆ ಲಾರಿ, ಟ್ರ್ಯಾಕ್ಟರ್ ಟ್ರಾಲಿ ಕೆಲಸ ಮಾಡುವವರು ಏನಾದರೂ ಹೆಸರಿಟ್ಟಿದ್ದಾರೆಯೇ? ಇನ್ನೊಂದು, ಕಮಾನು ಕೂತು ಕೂತು ಕೊನೆಗೆ ಉಲ್ಟಾ ಬಾಗುವುದಿದೆಯಲ್ಲ, ಅದಕ್ಕೆ ಬಯಲುಸೀಮೆಯ, ಉತ್ತರ ಕರ್ನಾಟಕದ ಗ್ಯಾರೇಜುಗಳಲ್ಲಿ ಬೇರೆ ಮಾತು ಇರಬೇಕು. ಗೊತ್ತಿದ್ದವರು ಊರಿನ ಹೆಸರು ಸೇರಿಸಿ ಬರೆಯಿರಿ, ಕೈಪಿಡಿಯಲ್ಲಿ ಆ ಊರಿನ ಮಾತು ಅಂತಲೇ ಹಾಕುತ್ತೇನೆ.