ಮುಚ್ಚಳ ಹಾಕ್ಕಂಡು ಫೋಟೊ

ಅಡಿಕೆ ಸುಲಿಯೋ ರಾತ್ರಿ ಮಾತಿಗೆ ಬರ ಇಲ್ಲ. ಮೊನ್ನೆ ಶಿರಸಿ ಹತ್ತಿರ ಭಾವನ ಮನೆ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತವರ ಮಾತು ಸೀದಾ ಲಡಾಖಿಗೆ ಹೋಯಿತು. ಭಾವನ ಅಕ್ಕನ ಮಗ ಹಾನ್ಲೆಯ ವೀಕ್ಷಣಾಲಯದಲ್ಲಿ ಇಂಜಿನಿಯರ್. 4500 ಮೀಟರ್ ಎತ್ತರದ ಬೋಳು ಗುಡ್ಡ, 2 ಮೀಟರ್ ಕನ್ನಡಿಯ ದೂರದರ್ಶಕ, ಮೇಲಿಂದ ಗಾಳಿ. ಮಗನಿಗೆ ಹೊಸಕೋಟೆಗೆ ವರ್ಗ ಆಗಲಿ ಅಂತ ಅಕ್ಕ ಮಾರಿಕಾಂಬೆಗೆ ಹರಕೆ ಹೊತ್ತಾಗಿದೆ.

"ರಾತ್ರಿ ಕೆಲಸ ಅಂದ್ರೆ ಹಗಲಿಡೀ ನಿದ್ದೆಯಲ್ದಾ?" ಅಂದ ಗಣಪ.

"ಎಂತ ನಿದ್ದೆ ಮಾರಾಯ!" ಅಂದ ಭಾವ. "ಹಗಲೇ ಕ್ಯಾಮೆರಾಕ್ಕೆ ಲಿಕ್ವಿಡ್ ನೈಟ್ರೋಜನ್ ತುಂಬಬೇಕು. ಮೈನಸ್ 196 ಡಿಗ್ರಿ!"

ಗಣಪನ ಕೈ ನಿಂತಿತು. "ಹೊರಗೇ ಮೈನಸ್ 20. ಕ್ಯಾಮೆರಾಕ್ಕೆ ಮತ್ತೂ ಚಳಿ ಹಿಡಿಸೋದು ಎಂತಕ್ಕೆ?"

ನಿವೃತ್ತ ಮಾಸ್ತರು ಕವಳವನ್ನು ದವಡೆಯ ಒಂದು ಬದಿಗೆ ಸರಿಸಿದರು. ಅವರು ಕವಳ ಸರಿಸಿದರೆ ಪಾಠ ಶುರು ಅಂತಲೇ ಅರ್ಥ. "ಸಿಸಿಡಿ ಅಂದ್ರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಚಿಪ್. ಅದು ಬೆಚ್ಚಗಿದ್ರೆ ಎಲೆಕ್ಟ್ರಾನು ತಮ್ಮಷ್ಟಕ್ಕೇ ಎದ್ದು ಕೂರ್ತವೆ. ಬೆಳಕು ಬೀಳದಿದ್ರೂ ಬಿತ್ತು ಅಂತ ಸುಳ್ಳು ಲೆಕ್ಕ. ಮೈನಸ್ 20 ಸಾಲ, ನೂರರ ಆಸುಪಾಸಿಗೆ ಇಳೀಬೇಕು."

"ಅಷ್ಟು ಮಾಡಿ ಮೊದ್ಲು ತೆಗೆಯೋದು ಶಟರ್ ಮುಚ್ಚಿದ ಫೋಟೊ," ಭಾವ ಅಂದ. "ಹೊತ್ತು ಮುಳುಗುವಾಗ ನಕ್ಷತ್ರವೇ ಕಾಣದ ಖಾಲಿ ಆಕಾಶದ ಫೋಟೊ."

"ನಮ್ಮ ತಂಗಿ ಮದುವೆಗೆ ಬಂದ ಫೋಟೊಗ್ರಾಫರ್ ಅಲ್ಲೇ ಕಲ್ತವ ಹಾಗಾದ್ರೆ!"

"ತಮಾಷೆ ಅಲ್ಲ ತಮಾ. ಮುಚ್ಚಿ ತೆಗೆದದ್ದರಲ್ಲಿ ಕ್ಯಾಮೆರಾದ್ದೇ ಗದ್ದಲ ಎಷ್ಟು ಅಂತ ಸಿಗ್ತದೆ. ಖಾಲಿ ಆಕಾಶದ್ದರಲ್ಲಿ ಯಾವ ಪಿಕ್ಸೆಲ್ ಮಂದ, ಯಾವುದು ಚುರುಕು, ಎಲ್ಲಿ ಧೂಳಿನ ನೆರಳು ಅಂತ. ಅಸಲಿ ಚಿತ್ರದಿಂದ ಮೊದಲನೇದನ್ನ ಕಳೀಬೇಕು, ಎರಡನೇದರಿಂದ ಭಾಗಿಸಬೇಕು."

ಇಷ್ಟೆಲ್ಲ ತಯಾರಿ ಮುಗಿಯುವಷ್ಟರಲ್ಲಿ ಗಾಳಿ ಏಳುತ್ತದೆ. ಎದುರುಗಾಳಿ ನುಗ್ಗಿದರೆ ದೂರದರ್ಶಕ ಕೂದಲೆಳೆಯಷ್ಟು ಅಲುಗಿದರೂ ಸಾಕು, ಚುಕ್ಕಿ ಹಿಗ್ಗಿ ಮಸುಕಾಗುತ್ತದೆ. ಹಾಗಾಗಿ ಗಾಳಿಗೆ ಬೆನ್ನು ಹಾಕಿದ ದಿಕ್ಕಿನ ಆಕಾಶ ನೋಡುವುದು. ಜೋರಾಯಿತೋ, ಗುಮ್ಮಟವನ್ನೇ ಮುಚ್ಚುವುದು. ಇಲ್ಲದಿದ್ದರೆ ಮರಳು ಸೀದಾ ಕನ್ನಡಿ ಮೇಲೆ.

"ಮರಳಾದ್ರೆ ಒರೆಸಿದ್ರಾಯ್ತಪ್ಪ," ಅನ್ನುತ್ತಾ ಗಣಪ ಪಂಚೆ ತುದಿಯಲ್ಲಿ ಕನ್ನಡಕ ತಿಕ್ಕಿದ.

ಮಾಸ್ತರಿಗೆ ಕವಳ ನೆತ್ತಿಗೇರಿತು. "ಮುಟ್ಟೀಯೆ! ಕನ್ನಡಿ ಮೇಲಿನ ಅಲ್ಯುಮಿನಿಯಂ ಲೇಪ 100 ನ್ಯಾನೊಮೀಟರ್ ಇದ್ರೆ ಹೆಚ್ಚು. ಒಮ್ಮೆ ತಿಕ್ಕಿದ್ರೆ ಗೀರು."

"ಹಾಗಾದ್ರೆ ಗಾಳಿ ಎದ್ದ ರಾತ್ರಿ ನಕ್ಷತ್ರ ನೋಡೋ ವಿಜ್ಞಾನಿಗಳು ಎಂತ ಮಾಡ್ತಾರೆ?"

"ಅವರು ಹಾನ್ಲೆಲಿ ಎಲ್ಲಿದ್ದಾರೆ? ಹೊಸಕೋಟೆಲಿ ಬೆಚ್ಚಗೆ ಕೂತು ಉಪಗ್ರಹದ ಸಂಪರ್ಕದಲ್ಲೇ ದೂರದರ್ಶಕ ತಿರುಗಿಸ್ತಾರೆ. ಗುಮ್ಮಟ ಮುಚ್ಚಿದ್ರೆ ಅವರಿಗೆಂತ, ಬೆಳಗಿನ ಜಾವ ಹೊರಗೆ ಬಂದ್ರೆ ಊರಿಡೀ ಬಿಸಿಬಿಸಿ ಮಟನ್ ಬಿರಿಯಾನಿಗೆ ಸಾಲು!"

ಜಗಲಿಯಲ್ಲಿ ಅಡಿಕೆ ಆರಿಸುತ್ತಿದ್ದ ಅಕ್ಕ ತಲೆ ಎತ್ತಿದಳು.

"ತಮಾ, ಅವ ಹಾನ್ಲೆಲೇ ಇರ್ಲಿ. ಗಾಳಿ ಆದ್ರೂ ಅಡ್ಡಿಲ್ಲೆ."